ಹಾಲುಕ್ಕಿದ ಗಾಡಿ

ಅಕ್ಟೋಬರ್ 4, ಸಂಜೆ

ಮತ್ತೆ ಧೂಳು. ಇವತ್ತಿನ ಟ್ರಯಲ್ ಕೂಡ ಫೇಲ್.

ದಿಲೀಪ ಗಾಡಿಯನ್ನು ಯಮುನಾ ಖಾದರಿನ, ಅಂದರೆ ನದಿ ಬಯಲಿನ, ಕಚ್ಚಾ ದಾರಿಯಲ್ಲಿ ಗಿಡದ ನರ್ಸರಿಗಳ ತನಕ ಓಡಿಸಿಕೊಂಡು ಬಂದ. ನಾನು ಹಿಂದೆ ಕೂತಿದ್ದೆ, ಮಾಸ್ಕ್ ಹಾಕಿಕೊಂಡು. ಹೊರಡುವ ಮುಂಚೆ ಗಾಡಿಯೊಳಗಿನ ಕಪ್ಪು ಸನ್‌ಮೈಕಾ ಟೇಬಲ್ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದೆ. ವಾಪಸ್ ಬಂದು ಬೆರಳು ಎಳೆದರೆ ದಪ್ಪ ಗೆರೆ. ರಂಗೋಲಿ ಪುಡಿ ಬೇರೆ ಬೇಡ, ಅಷ್ಟಿತ್ತು.

"ಅಮ್ಮಾ, ಮಿನಿಬಸ್ ಇದು. ಸಬ್‌ಮರೀನ್ ಥೋಡೀ ಹೈ," ಎಂದ ಮಗರಾಯ.

ಸಬ್‌ಮರೀನೇ ಆಗಬೇಕು. ಡಾಕ್ಟರ್ ಹೇಳಿದ್ದು ಇಷ್ಟೇ: ಇವರ ಶ್ವಾಸಕೋಶ ಗಟ್ಟಿಯಾಗುತ್ತಿದೆ, ಈ ಚಳಿಗಾಲ ದೆಹಲಿಯಲ್ಲಿ ಬೇಡ. ದೀಪಾವಳಿಯ ಪಟಾಕಿಗೆ ಮುಂಚೆ ಹೊರಡಿ. ವಿಮಾನ, ರೈಲು ಇವರಿಗೆ ಆಗದು. ಆಕ್ಸಿಜನ್ ಮೆಷಿನ್ ಹಗಲೂ ರಾತ್ರಿ ಬೇಕು. ಅದಕ್ಕೇ ಹಳೇ ಸ್ಕೂಲ್ ಮಿನಿಬಸ್ಸನ್ನು ಕ್ಯಾರವಾನ್ ಮಾಡಿಸಿದ್ದು — ಹಾಸಿಗೆ, ಸಿಂಕ್, ಗ್ಯಾಸ್ ಸ್ಟೋವ್, ಚಾವಣಿಗೊಂದು ಫ್ಯಾನ್, ಮೆಷಿನ್‌ಗೆ ಬ್ಯಾಟರಿ. ಇವರ ಹಳೇ ಆಫೀಸಿನ ಗೆಳೆಯ ಸೋಮಶೇಖರ ಅವರಿಗೆ ಬೆಟ್ಟದ ಮೇಲೆ ಜಾಗವಿದೆ. ಅಲ್ಲಿಗೆ.

ಈಗಷ್ಟೇ ಅವರದೇ ಫೋನ್. "ಕಡೇ ಮೂವತ್ತು ಕಿಲೋಮೀಟರ್ ರೋಡೇ ಇಲ್ಲ ಅಂತ ಇಟ್ಕೊಳ್ಳಿ ಲೀಲಾವತಿ. ಅಗಲ ಮಾಡ್ತಾ ಇದಾರೆ, ಬರೀ ಪುಡಿಮಣ್ಣು. ನಾವೇ ಕೆಮ್ಮಿ ಸಾಯ್ತೀವಿ. ಜಗನ್ನಾಥನ್ನ ಹೇಗೆ ತರ್ತೀರೋ ನೋಡಿ."

ಸಲೀಸಾಗಿ ಅಂದುಬಿಟ್ಟರು ಆ ಹೆಸರು. ಮೇಲಿನದು ಅವರ ಮಾತು, ನನ್ನದಲ್ಲ. ಗಂಡನ ಹೆಸರು ಹಿಡಿದರೆ ಆಯಸ್ಸು ಕಡಿಮೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಸೆಕ್ರೆಟೇರಿಯಟ್‌ನಲ್ಲಿ ಸ್ಟೆನೋ ಆಗಿ ದೊಡ್ಡ ದೊಡ್ಡ ಸಾಹೇಬರ ತಪ್ಪು ತಿದ್ದಿದವಳು ನಾನು. ಇದೊಂದನ್ನು ಮಾತ್ರ ಮೀರಲಿಲ್ಲ. ಈಗಂತೂ ಆಯಸ್ಸಿನ ವಿಷಯದಲ್ಲಿ ರಿಸ್ಕ್ ತಗೊಳ್ಳುವ ಕಾಲವಲ್ಲ. ಡೈರಿಯಲ್ಲೂ 'ಇವರು' ಎಂದೇ.

ಅಕ್ಟೋಬರ್ 7

ಸಂದೀಪ್ ಭಯ್ಯಾನ ಶೆಡ್‌ಗೆ ಹೋಗಿದ್ದೆವು, ನೋಯ್ಡಾ. ಗಾಡಿ ಕಟ್ಟಿದವನು ಅವನೇ. ಹಿಂಬಾಗಿಲಿಗೆ ಹೊಸ ರಬ್ಬರ್ ಬೀಡಿಂಗ್. ಕಿಟಕಿಗಳಿಗೆ ಸಿಲಿಕೋನ್. ಸಿಂಕಿನ ಪೈಪ್ ಇಳಿಯುವ ಕಡೆ ಫೋಮ್. ನಾನು ಟಾರ್ಚ್ ಹಿಡಿದು ಮಂಡಿಯೂರಿ ಒಂದೊಂದು ಸಂದು ಹುಡುಕುತ್ತಿದ್ದರೆ ಇವರು ಸ್ಟೂಲ್ ಮೇಲೆ ಕೂತು ನಗುತ್ತಿದ್ದರು.

"ತಿಗಣೆ ಹುಡುಕ್ತಾ ಇದೀಯಾ?"

"ಮಾತಾಡಿ ಉಸಿರು ಖರ್ಚು ಮಾಡ್ಬೇಡಿ," ಎಂದೆ.

ಸ್ಟೋವ್ ಕೆಳಗೆ ನೆಲದಲ್ಲೇ ಒಂದು ತೂತು ಸಿಕ್ಕಿತು. ಅಂಗೈಯಗಲ, ಮೇಲೆ ಜಾಲರಿ. ಕೆಳಗೆ ರಸ್ತೆ ಕಾಣುತ್ತದೆ! ಇಷ್ಟು ದಿನ ಧೂಳು ಎಲ್ಲಿಂದ ಅಂತ ತಲೆ ಕೆಡಿಸಿಕೊಂಡಿದ್ದೆ.

"ಮೇಡಂ, ವೋ ಹವಾ ಕೇ ಲಿಯೇ ಹೈ," ಎಂದ ಸಂದೀಪ್.

"ಹವಾ ಹೀ ತೋ ನಹೀ ಚಾಹಿಯೇ, ಭಯ್ಯಾ," ಎಂದೆ. ಗಾಳಿಯೇ ತಾನೆ ನನಗೆ ಬೇಡದ್ದು.

ಅವನು ತಲೆ ಕೆರೆದುಕೊಂಡ. ನೆಲದಲ್ಲೇ ಯಾಕೆ ಬೇಕು ಅಂತ ಅವನಿಗೂ ಗೊತ್ತಿಲ್ಲ, ಎಲ್ಲ ಗಾಡಿಗೂ ಬಿಡುತ್ತಾರಂತೆ, ಇವನೂ ಬಿಟ್ಟ. ಇವರು ಮಾತ್ರ ಮೆಲ್ಲಗೆ ಅಂದರು, "ಒಂದು ತೂತಾದ್ರೂ ಇರ್ಲಿ ಬಿಡೇ." ನನಗೆ ರೇಗಿತು. ಧೂಳು ಕುಡಿದು ಒದ್ದಾಡುವವರು ಇವರು, ನೋಡಬೇಕಾದವಳು ನಾನು. ಅಲ್ಯುಮಿನಿಯಂ ಟೇಪು ಎರಡು ಪದರ ನಾನೇ ಕೈಯಾರೆ ಒತ್ತಿ ಅಂಟಿಸಿದೆ.

ಅಕ್ಟೋಬರ್ 11, ಮಧ್ಯಾಹ್ನ

ಖಾದರಿಗೆ ಮತ್ತೊಂದು ಸುತ್ತು. ಮುಂದೆ ಇಟ್ಟಿಗೆ ಟ್ರ್ಯಾಕ್ಟರ್, ಪೂರ್ತಿ ಅದರ ಧೂಳಿನಲ್ಲೇ. ಟೇಬಲ್ ಮೇಲೆ ಬೆರಳು ಎಳೆದೆ... ತೆಳ್ಳಗೆ ಒಂದು ಗೆರೆ, ಅಷ್ಟೇ. ಇದು ಗೆಲುವು. ಒಳಗೆ ಮಾತಾಡಿದರೆ ಕಿವಿ ಗುಂಯ್ ಎನ್ನುತ್ತದೆ, ಅಷ್ಟು ಬಿಗಿ.

ಹೊರಗೆ ಆಕಾಶ ಬೂದಿ. ಹೊಗೆ ಹೆಚ್ಚಿ ಸರ್ಕಾರದ ಗ್ರ್ಯಾಪ್ ಮೂರನೇ ಹಂತದ ನಿರ್ಬಂಧ ಬಂತೆಂದರೆ ನಮ್ಮ ಹಳೇ ಡೀಸೆಲ್ ಗಾಡಿ ರಸ್ತೆಗಿಳಿಸುವಂತಿಲ್ಲ. ಬೆರಳಿನ ಮೀಟರ್‌ನಲ್ಲಿ ಇವರ ಆಕ್ಸಿಜನ್ ರೀಡಿಂಗ್ ನಿನ್ನೆಗಿಂತ ಕಡಿಮೆ. ದಾರಿಯಲ್ಲಿ 88ಕ್ಕಿಂತ ಕೆಳಗಿಳಿದರೆ ಮುಂದೆ ಹೋಗಬೇಡಿ, ತಿರುಗಿಸಿ ಎಂದಿದ್ದಾರೆ ಡಾಕ್ಟರ್. ಭಯವಾಗುತ್ತದೆ. ಯಾರಿಗೂ ಹೇಳಿಲ್ಲ.

ಮಂಗಳವಾರವಾದರೂ ಅವತ್ತಿನ ನಕ್ಷತ್ರ ಒಳ್ಳೆಯದು. ಅವತ್ತು ಗಾಡಿಯಲ್ಲಿ ಹಾಲುಕ್ಕಿಸಿ ಮಾರನೆಯ ದಿನ ಹೊರಟುಬಿಡುವುದು. ದಿಲೀಪನಿಗೆ ನಗು. "ಗಾಡಿ ಕಾ ಗೃಹಪ್ರವೇಶ್?" ಹೂಂ. ಚಳಿಗಾಲ ಪೂರ್ತಿ ಇರುವ ಜಾಗ, ಮನೆಯೇ ತಾನೆ. ಹಾಲುಕ್ಕಿಸದೆ ಯಾವ ಮನೆಗೂ ಕಾಲಿಟ್ಟವಳಲ್ಲ ನಾನು. ಮಯೂರ್ ವಿಹಾರ್‌ನ ಈ ಫ್ಲ್ಯಾಟಿಗೂ ಅಷ್ಟೇ.

ಅಕ್ಟೋಬರ್ 16, ಬೆಳಿಗ್ಗೆ

ಮಂಗಳವಾರದ್ದು ಬರೆಯಲು ಇವತ್ತು ಧೈರ್ಯ ಬಂದಿದೆ. ಆಸ್ಪತ್ರೆ ಕಾರಿಡಾರ್. ಇವರು ಒಳಗೆ ಮಲಗಿದ್ದಾರೆ.

ಗಾಡಿ ನಮ್ಮ ಫ್ಲ್ಯಾಟುಗಳ ಸೊಸೈಟಿ ಗೇಟಿನ ಹತ್ತಿರ ನಿಂತಿತ್ತು. ಹೊರಗೆ ರಸ್ತೆ ಗುಡಿಸುತ್ತಿದ್ದರು ಎಂದು ಬಾಗಿಲು, ಕಿಟಕಿ ಎಲ್ಲ ಮುಚ್ಚಿದೆ, ಫ್ಯಾನೂ ನಿಲ್ಲಿಸಿದೆ. ಇವರು ಕೆಳಗಿನ ಬಂಕ್ ಮೇಲೆ. ಬೆಂಕಿಯ ಹತ್ತಿರ ಆಕ್ಸಿಜನ್ ಕೂಡದು. ಅದು ನನಗೆ ಗೊತ್ತಿತ್ತು. ಮೆಷಿನ್ ಆಫ್ ಮಾಡಿ ನಳಿಕೆ ತೆಗೆದೆ. "ಎರಡೇ ನಿಮಿಷ," ಎಂದೆ.

ಹಾಲು ಚೆನ್ನಾಗಿ ಉಕ್ಕಿತು. ಪೂರ್ವಕ್ಕೇ ಉಕ್ಕಿತು. ದಿಲೀಪ ವೀಡಿಯೊ ಮಾಡಿದ. ನನಗೆ ಎಷ್ಟು ಸಂತೋಷವೆಂದರೆ, ಸ್ಟೋವಿನ ಕಡೆ ಇನ್ನೊಮ್ಮೆ ನೋಡಲಿಲ್ಲ. ಉಕ್ಕಿದ ಹಾಲು ಉರಿಯನ್ನು ನುಂಗಿತ್ತು. ನಾಬ್ ತೆರೆದೇ ಇತ್ತು. ಸೀದ ಹಾಲಿನ ವಾಸನೆ ಮೂಗು ತುಂಬಿತ್ತು, ಬೇರೇನೂ ತಿಳಿಯಲಿಲ್ಲ. ನಾನು ತಟ್ಟೆಗೆ ಅರಿಶಿನ ಕುಂಕುಮ, ಕರ್ಪೂರ ಜೋಡಿಸುತ್ತ ನಿಂತೆ. ಅಷ್ಟರಲ್ಲಿ ಸೊಸೈಟಿ ಸೆಕ್ರೆಟರಿಯ ಫೋನ್, ಗಾಡಿ ತೆಗೆಯಿರಿ ಅಂತ. ದಿಲೀಪ ಮುಂದಿನ ಸೀಟಿನಲ್ಲಿ ವಾದಕ್ಕಿಳಿದ. ಅದು ಮುಗಿಯಲಿ ಎಂದು ನಾನು ಆರತಿ ತಡೆದೆ.

ಗ್ಯಾಸು ಗಾಳಿಗಿಂತ ಭಾರ. ಕೆಳಗಿಳಿಯುತ್ತದೆ. ಇಳಿದು ಹೊರಗೆ ಹೋಗಲಿ ಎಂದೇ ನೆಲದಲ್ಲಿ ಆ ತೂತು. ಇದನ್ನೆಲ್ಲ ನಾನು ಓದಿದ್ದು ನಿನ್ನೆ.

ಕೆಳಗೆ ಮಲಗಿದ್ದವರು ಇವರು. ಕೆಮ್ಮಲು ಶುರು ಮಾಡಿದರು. ದಿನಾ ಕೆಮ್ಮುವವರೇ ಅಲ್ಲವೆ. "ಒಂದ್ನಿಮಿಷ ತಡೀರಿ, ಆರತಿ ಆಗ್ಲಿ," ಎಂದು ಬೆಂಕಿಪೊಟ್ಟಣ ತೆಗೆದೆ. ಇವರು ನೆಲ ತೋರಿಸಿದರು. ಮೆಷಿನ್ ಕೇಳುತ್ತಿದ್ದಾರೆ ಎಂದುಕೊಂಡೆ. ಕಡ್ಡಿ ಪೊಟ್ಟಣಕ್ಕೆ ಒತ್ತಿ ಹಿಡಿದಿದ್ದೆ... ಇವರು ಎದ್ದರು. ಹೇಗೆ ಎದ್ದರೋ ಗೊತ್ತಿಲ್ಲ. ನನ್ನ ಕೈಗೆ ಬಲವಾಗಿ ಹೊಡೆದರು. ಪೊಟ್ಟಣ ಹಾರಿ ಸಿಂಕಿಗೆ ಬಿತ್ತು. ಜೀವಮಾನದಲ್ಲಿ ನನ್ನ ಮೇಲೆ ಕೈ ಮಾಡಿದವರಲ್ಲ. ಶುಭಕಾರ್ಯದಲ್ಲಿ ಇದೇನು ಎಂದು ಒಂದು ಕ್ಷಣ ಸಿಟ್ಟೇ ಬಂತು.

"ಗ್ಯಾ..." ಎಂದರು. ಅಷ್ಟಕ್ಕೇ ಉಸಿರು ಮುಗಿಯಿತು.

ಆಗ ವಾಸನೆ ತಿಳಿಯಿತು. ನಾಬ್ ತಿರುಗಿಸಿದೆ. ದಿಲೀಪ ಫೋನ್ ಬಿಸಾಡಿ ಓಡಿ ಬಂದು ಆಕ್ಸಿಜನ್ ಮೆಷಿನ್ ಸ್ವಿಚ್‌ಗೆ ಕೈ ಹಾಕಿದ. "ಮುಟ್ಬೇಡ ಕಣೋ! ಕಿಡಿ!" ಎಂದು ಚೀರಿದೆ. ಇವರಿಗೆ ಆಕ್ಸಿಜನ್ ಬೇಕು, ಕೊಡುವಂತಿಲ್ಲ. ಬಾಗಿಲು ಒದ್ದು ತೆರೆದೆ. ಮಂಡಿಯೂರಿ ಆ ಟೇಪು ಕಿತ್ತೆ, ಉಗುರು ಸೀಳಿತು, ಎಷ್ಟು ಚೆನ್ನಾಗಿ ಅಂಟಿಸಿದ್ದೆ ನಾನು. ಇವರ ತುಟಿ ನೀಲಿ. ಕಣ್ಣು ಮೇಲೆ ಹೋಯಿತು.

ಹೆಸರು ಹಿಡಿದು ಕೂಗಿದೆ. ಗೇಟಿನವರೆಗೂ ಕೇಳುವ ಹಾಗೆ.

ಇಬ್ಬರೂ ಹೊತ್ತು ಇಳಿಸಿ ಗಾರ್ಡ್ ಬೆಂಚಿನ ಮೇಲೆ ಮಲಗಿಸಿದೆವು. ಹೊರಗೆ ಅದೇ ಕೊಳಕು, ಬೂದಿಬಣ್ಣದ ಗಾಳಿ. ಇವರಿಗೆ ತಾಗಬಾರದೆಂದು ನಾನು ಹಗಲಿರುಳು ಯುದ್ಧ ಮಾಡಿದ ಗಾಳಿ. ಗಾರ್ಡ್ ಬೂತಿನ ಪ್ಲಗ್ಗಿಗೆ ಮೆಷಿನ್ ಸಿಕ್ಕಿಸುವ ತನಕ ಇವರನ್ನು ಉಳಿಸಿದ್ದು ಅದೇ.

ನಾನು ಕೊಲ್ಲುತ್ತಿದ್ದೆ. ಮೂವರನ್ನೂ.

ಅಕ್ಟೋಬರ್ 17

ಮನೆಗೆ ಬಂದರು. ಗಾಡಿ ಮಾರಿಬಿಡೋಣ ಎಂದೆ. ಇವರು ಬೇಡ ಎಂದು ತಲೆಯಾಡಿಸಿದರು.

"ಹಾಲು ಉಕ್ಕಿದೆಯಲ್ಲ. ಮನೆ ಆಯ್ತು ಅದು." ಸ್ವಲ್ಪ ಸುಧಾರಿಸಿಕೊಂಡು, "ಅವತ್ತು ಏನೋ ಕೂಗಿದ್ಯಲ್ಲ. ಇನ್ನೊಂದ್ಸಲ ಕೂಗು, ಸರಿಯಾಗಿ ಕೇಳಿಸ್ಲಿಲ್ಲ."

ಎದ್ದು ಅಡುಗೆಮನೆಗೆ ಹೋದೆ. ಅತ್ತು ಬಂದೆ.

ಅಕ್ಟೋಬರ್ 18, ಸಂಜೆ

ತೂತು ತೂತಾಗಿಯೇ ಇರುತ್ತದೆ. ಹಾಗಾದರೆ ಧೂಳಿಗೇನು ಮಾಡುವುದು? ಇವರೇ ದೇವರಮನೆಯಿಂದ ಹೂಬತ್ತಿ ತರಿಸಿ, ಅದರ ಹತ್ತಿಯ ಒಂದೆಳೆ ಎಳೆದು ನನಗೆ ಕೊಟ್ಟರು. ತೂತಿನ ಮೇಲೆ ಹಿಡಿದೆ. ಎಳೆ ಮೇಲಕ್ಕೆ, ಒಳಗೆ ಹಾರಿತು. ಚಾವಣಿಯ ಫ್ಯಾನ್ ಗಾಳಿಯನ್ನು ಹೊರಗೆ ಎಳೆಯುತ್ತಿದೆ, ಅದಕ್ಕೇ ಗಾಡಿ ಸಿಕ್ಕ ಸಂದಿನಿಂದೆಲ್ಲ ಧೂಳು ಹೀರುತ್ತಿದೆ. ದಿಲೀಪ ಫ್ಯಾನನ್ನು ಉಲ್ಟಾ ಮಾಡಿ ಮೇಲೆ ಫಿಲ್ಟರ್ ಕೂರಿಸಿದ. ಈಗ ಎಳೆ ಕೆಳಕ್ಕೆ, ಹೊರಗೆ. ಒಳಗಿನ ಗಾಳಿಯೇ ಧೂಳನ್ನು ಹೊರಗೆ ತಳ್ಳುತ್ತದಂತೆ.

"ಪಾಪಾ, ಜೀನಿಯಸ್ ಹೋ ಯಾರ್," ಎಂದ ದಿಲೀಪ.

ಟ್ರಯಲ್‌ಗೆ ಟೈಮಿಲ್ಲ. ನಾಳೆ ನಸುಕಿಗೇ ಹೊರಡುವುದು, ನಾಡಿದ್ದು ದೀಪಾವಳಿ. ಸ್ಟೋವ್ ಮನೆಯಲ್ಲೇ ಬಿಟ್ಟಾಯಿತು. ಚಹಾ ಧಾಬಾದಲ್ಲಿ. ಟೇಪಿನ ರೋಲ್ ಮಾತ್ರ ಬ್ಯಾಗಿನಲ್ಲಿ ಹಾಕಿಕೊಂಡಿದ್ದೇನೆ. ಇವರಿಗೆ ಹೇಳಿಲ್ಲ.

ಅಕ್ಟೋಬರ್ 19, ಮಧ್ಯಾಹ್ನ ಮೂರು ಗಂಟೆ

ಟಾರು ರಸ್ತೆ ಮುಗಿಯಿತು. ಅಕ್ಷರಗಳು ಕುಣಿಯುತ್ತಿವೆ. ಬರೆಯದಿದ್ದರೆ ಕೈ ಸುಮ್ಮನಿರುವುದಿಲ್ಲ.

ಹೊರಗೆ ಏನೂ ಕಾಣುವುದಿಲ್ಲ. ಮುಂದೆ ಲಾರಿ. ಕಿಟಕಿ ಪೂರ್ತಿ ಕೆಂಪು. ಇವರ ರೀಡಿಂಗ್ 91.

ನೆಲದ ತೂತು ನನ್ನ ಕಾಲ ಹತ್ತಿರವೇ. ನೋಡುತ್ತ ಕೂತಿದ್ದೇನೆ.

ದೊಡ್ಡ ಗುಂಡಿ. ಕೆಳಗಿಂದ ಬುಸ್ಸೆಂದು ಒಂದು ಹಿಡಿ ಧೂಳು ಮೇಲೆ ಬಂತು. 89. ಬ್ಯಾಗಿನಿಂದ ಟೇಪು ತೆಗೆದೆ. ಕೈ ತಾನಾಗಿಯೇ ತೆಗೆಯಿತು. ಇವರು ನೋಡಿದರು. ಕೈ ಚಾಚಿದರು, ಕೊಟ್ಟೆ. ತಲೆದಿಂಬಿನ ಕೆಳಗೆ ಇಟ್ಟುಕೊಂಡುಬಿಟ್ಟರು.

88.

ದಿಲೀಪ ಮುಂದಿನಿಂದ, "ಅಮ್ಮಾ, ತಿರುಗಿಸ್ಲಾ? ಬೋಲೋ." ಇವರು ಬೆರಳೆತ್ತಿ, ತಡೆ ಎಂದರು. ಫ್ಯಾನ್ ಸದ್ದು ಮಾಡುತ್ತಿದೆ. ಜಾಲರಿಗೆ ಕಟ್ಟಿದ ಹತ್ತಿಯ ಎಳೆ ಕೆಳಕ್ಕೆ ತಿರುಗಿತು. ಕೆಳಕ್ಕೇ ಇದೆ.

89. 90... 90.

"ಚಲೋ," ಎಂದೆ ದಿಲೀಪನಿಗೆ.

ಟೇಬಲ್ ಮೇಲೆ ತೆಳ್ಳಗೆ ಧೂಳು. ಬಟ್ಟೆ ತೆಗೆದುಕೊಂಡೆ. ಇವರು ನನ್ನ ಕೈ ಸರಿಸಿ ಬೆರಳಿನಲ್ಲಿ ಏನೋ ಗೀಚತೊಡಗಿದರು, ಗಾಡಿ ಎತ್ತಿ ಹಾಕಿದಾಗೆಲ್ಲ ನಿಲ್ಲಿಸಿ. 'ಲೀಲಾ'. ಅದರ ಮುಂದೆ ಜಾಗ ಬಿಟ್ಟು, ನನ್ನನ್ನೇ ನೋಡುತ್ತಿದ್ದಾರೆ, ಡಿಕ್ಟೇಶನ್ ಕೊಡುವ ಸಾಹೇಬರ ಹಾಗೆ.

ಒರೆಸಲಿಲ್ಲ. ಅತ್ತೆ ಕ್ಷಮಿಸಲಿ. ಧೂಳಿನಲ್ಲಿ ಬರೆದೆ, ಇಲ್ಲೂ ಬರೆಯುತ್ತೇನೆ, ಗಾಡಿ ಎತ್ತಿ ಹಾಕದಿದ್ದರೆ —

ಜಗನ್ನಾ