ಅಪ್ಪ ಮಸಿ ತೇಯುತ್ತಿದ್ದ ಕಲ್ಲು

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರ.

ಈ ಸಲ ಸಮಾಧಿ ಗುಡಿಸುವ ಹಬ್ಬಕ್ಕೆ ನೀನು ಊರಿಗೆ ಬರಬೇಡ. ಅಪ್ಪ ಚೆನ್ನಾಗಿದ್ದಾರೆ. ತಾತನ ಕಾಲದ ಆ ಮಸಿಕಲ್ಲನ್ನು ಅವರು ಹೇಗೆ ನೋಡಿಕೊಳ್ಳುತ್ತಿದ್ದರೆಂದು ನಿನಗೆ ಗೊತ್ತಲ್ಲ. ಬರೆದು ಮುಗಿಸಿದ್ದೇ ತಡ, ಮಸಿ ಒಣಗುವ ಮೊದಲೇ ತಣ್ಣೀರು ಬಿಟ್ಟು, ತಾವರೆಯ ಒಣಕಾಯಿಯಿಂದ ಮೆಲ್ಲಗೆ ಉಜ್ಜಿ, ಮಗುವಿನ ಮೈ ಒರೆಸಿದಂತೆ ಒರೆಸುತ್ತಿದ್ದರು.

ಹೊಸ ಜಿಲ್ಲಾಧಿಕಾರಿ ಮನೆಗೆ ಬಂದಾಗ ಅದನ್ನು ನೋಡಿದ. "ಮೇಷ್ಟ್ರೇ, ಇಂಥ ಕಲ್ಲು ನನ್ನ ಮೇಜಿನ ಮೇಲಿದ್ರೆ ಚೆನ್ನ," ಅಂದ.

ಅಪ್ಪ ನಕ್ಕು, "ಅದಕ್ಕೆ ನನ್ನ ಕೈ ರೂಢಿಯಾಗಿದೆ, ಸ್ವಾಮಿ," ಅಂದರು. ಪಕ್ಕದ ಮನೆಯ ಚಿಯು ಮಾಮ ಇದೇ ಅಧಿಕಾರಿಗೆ ಒಂದು ಚಿತ್ರಪಟ ಕೊಡಲ್ಲ ಅಂದದ್ದಕ್ಕೇ ಸೆರೆಮನೆ ಸೇರಿದ್ದು ಅಪ್ಪನಿಗೆ ಗೊತ್ತಿತ್ತು. ಆದರೂ ಹಾಗಂದರು.

ಅವನು ಮತ್ತೆ ಬಂದ. ಅಪ್ಪನಿಂದಲೇ ಮಸಿ ತೇಯಿಸಿಕೊಂಡು ಬಂಧನದ ಆಜ್ಞೆಯೊಂದನ್ನು ಬರೆದ. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು, ಊದಿ ಆರಿಸಿ, ನಿಲುವಂಗಿಯ ತೋಳಿನಲ್ಲಿ ಇಟ್ಟುಕೊಂಡು ಹೋದ. ಅಪ್ಪ ಕಲ್ಲು ತೊಳೆಯಲು ಕೂತರು. ಮಸಿ ಒಣಗಿ ಕಲ್ಲಿಗೆ ಅಂಟಿದರೂ ನೀರು ಬಿಡಲಿಲ್ಲ. ನಾನೇ ಅದನ್ನು ರೇಷ್ಮೆಯಲ್ಲಿ ಸುತ್ತಿ ಅವನ ಕಚೇರಿಗೆ ಒಯ್ದುಕೊಟ್ಟೆ.

ಅವನು ತೆಗೆದುಕೊಂಡ. ಆಮೇಲೆ, "ಚಿಯು ವಿಷಯದಲ್ಲಿ ನನ್ನ ಮೇಲೆ ದೂರು ಕೊಡೋಕೆ ನಿಮ್ಮಣ್ಣ ಹಾಂಗ್‌ಝೌ ಪಟ್ಟಣದಲ್ಲಿ ಮೇಲಧಿಕಾರಿಗಳ ಹತ್ತಿರ ಓಡಾಡ್ತಿದಾನಂತೆ. ಒಂದೇ ಉಚ್ಚಾರಕ್ಕೆ ಹತ್ತಾರು ಅಕ್ಷರ ಇರ್ತಾವೆ, ಅವನ ಹೆಸರು ಯಾವ ಅಕ್ಷರದಲ್ಲಿ ಬರೀತಾರಮ್ಮ?" ಎಂದು ತೋಳಿನಿಂದ ಆ ಆಜ್ಞೆಯನ್ನು ಹೊರತೆಗೆಯುತ್ತಾ ಕೇಳಿದ.

"ನಾನು ಹೆಣ್ಣು, ಸ್ವಾಮಿ. ನಂಗೆ ಓದುಬರಹ ಬರಲ್ಲ," ಅಂದೆ.

ನಂಬಿದನೋ ಇಲ್ಲವೋ ತಿಳಿಯದು. ಇವತ್ತೇ ಬಿಡಾರ ಬದಲಿಸು. ಈ ಕಾಗದ ಓದಿದ ಕೂಡಲೇ ಸುಟ್ಟುಬಿಡು. ಕೆಳಗೆ ಹೆಸರು ಹಾಕುತ್ತಿಲ್ಲ, ನನ್ನ ಕೈಬರಹ ನಿನಗೆ ಗೊತ್ತು.

ನಿನ್ನ ತಂಗಿ