ಅತ್ತಿಗೆ ಓಡಿ ಹೋದರು

ಗುರುವಾರ, ಮಧ್ಯಾಹ್ನ
ಟೈಲರ್ ಅಂಗಡಿಯಿಂದ

ಪ್ರೀತಿಯ ಅಣ್ಣನಿಗೆ,

ನಿನ್ನ ಮೌನಗೌರಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿ ಇದ್ದ ಹಾಗೇ ಇದೆ. ಅತ್ತಿಗೆಯ ಎಡಗಾಲಿನ ಮೂಳೆಗಳೆಲ್ಲ ಒಂದೊಂದಾಗಿಯೇ ಇವೆ, ಯಾವುದೂ ಎರಡಾಗಿಲ್ಲ. ಇದನ್ನು ಮೊದಲೇ ಬರೆದುಬಿಡು, ಇಲ್ಲದಿದ್ದರೆ ಅವನು ಉಳಿದದ್ದನ್ನು ಓದುವುದಿಲ್ಲ ಅಂತ ಅಮ್ಮ ಹೇಳಿದಳು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಫೋನು ಕಿವಿಗಿಟ್ಟರೆ ನನ್ನ ನಾಲಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ, ನಿನಗೆ ಗೊತ್ತಿರುವುದೇ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರಗಳಿಂದ ಎಷ್ಟು ಸಾಧ್ಯವೋ ಅಷ್ಟು ಬರೆಯುತ್ತೇನೆ. ಕಾಜಾ ಹಾಕುವ ಶರ್ಟುಗಳು ಇನ್ನೂ ರಾಶಿ ಇವೆ. ಆದರೂ ಮಾಸ್ಟರ್ ಇವತ್ತು, ಮೊದಲು ಅಣ್ಣನಿಗೆ ಬರೆಯಮ್ಮ, ನೀನು ಮಾಡಿದ ಅವಾಂತರವನ್ನು ನೀನೇ ಹೊಲಿ ಅಂದರು.

ಅವಾಂತರ ಏನೆಂದು ನಿನಗೆ ಹೇಳಬೇಕಾಗಿಲ್ಲ. ಭಾನುವಾರ ನಾನು ನಿನಗೆ ಕಳಿಸಿದ ಮೆಸೇಜು ಇಷ್ಟೇ ಇತ್ತು: ಅತ್ತಿಗೆ ಬೆಳಿಗ್ಗೆ ಓಡಿ ಹೋದರು. ನಾನೂ ಅಮ್ಮನೂ ಬೇಡ ಅನ್ನಲಿಲ್ಲ. ನೀನು ಕೋಪ ಮಾಡಿಕೊಳ್ಳಬೇಡ.

ಅಣ್ಣಾ, ಅಷ್ಟು ಬೆಳಿಗ್ಗೆ ಬಸ್ಸು ಇರುವುದಿಲ್ಲ. ಓಟ ಶುರುವಾಗುವ ಮೈದಾನ ಹತ್ತಿರವೇ ಇದೆ. ಮೈ ಬಿಸಿಯಾಗಲಿ ಅಂತ ಅತ್ತಿಗೆ ಅಲ್ಲಿಗೆ ನಿಧಾನವಾಗಿ ಓಡಿ ಹೋದರು. ನಾನು ಬರೆದದ್ದರಲ್ಲಿ ಸುಳ್ಳೇನಿದೆ? ಎರಡು ಪದಗಳ ನಡುವೆ ಜಾಗವನ್ನೂ ಬಿಟ್ಟಿದ್ದೆ. ಓಡಿಕೊಂಡು ಹೋದರು ಅಂತ ಬರೆಯಬೇಕಿತ್ತು ಅಂತ ಮಾಸ್ಟರ್ ಹೇಳಿದರು. ಒಂದು ‘ಕೊಂಡು’ ಬಿಟ್ಟಿದ್ದಕ್ಕೆ ಇಷ್ಟೆಲ್ಲ ಆಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಅಮ್ಮನ ಫೋನಿನಲ್ಲಿ ಚಾರ್ಜು ಇರಲಿಲ್ಲ. ನೀನು ಕೆಳಗಿನ ಮನೆಯ ಮಾಲೀಕರಮ್ಮನಿಗೆ ಫೋನು ಮಾಡಿದೆಯಂತೆ. ಅವರು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದು, ಅಯ್ಯೋ ನಿಮ್ಮ ಸೊಸೆ ಓಡಿಹೋದಳಂತಲ್ರೀ, ಬಂಗಾರದಂಥ ಹುಡುಗಿ, ಯಾರ ಜೊತೆ ಅಂತ ಕೇಳಿದರಂತೆ. ಅಮ್ಮ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆಯೇ, ಮೂರು ಸಾವಿರ ಜನರ ಜೊತೆ, ಅವರಲ್ಲಿ ಅರ್ಧಕ್ಕರ್ಧ ಗಂಡಸರು, ಒಂದಿಬ್ಬರು ಅಜ್ಜಂದಿರೂ ಇದ್ದಾರೆ ಅಂದಳಂತೆ. ಮಾಲೀಕರಮ್ಮ ಹೊಸ್ತಿಲ ಮೇಲೇ ಕುಳಿತು ನೀರು ಕೇಳಿದರಂತೆ.

ಇದು ನಗುವ ಭಾಗ. ಇನ್ನೊಂದು ಭಾಗವನ್ನೂ ಬರೆಯಬೇಕು. ನೀನು ನನ್ನ ಫೋನಿಗೆ ಮೇಲಿಂದ ಮೇಲೆ ಕರೆ ಮಾಡುತ್ತಿದ್ದಾಗ ನಾನು ರಸ್ತೆ ಬದಿಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಫೋನು ಕೈಯಲ್ಲೇ ಇತ್ತು. ನಿನ್ನ ಹೆಸರು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ನನಗೆ ನಾಚಿಕೆ ಇದೆ ನಿಜ, ಆದರೆ ಎತ್ತದೇ ಇದ್ದದ್ದು ನಾಚಿಕೆಯಿಂದಲ್ಲ. ಮೂರು ವಾರದಿಂದ ಅತ್ತಿಗೆ ಫೋನು ನೋಡುತ್ತಾ ಕೂತಿರುವುದನ್ನು ನಾನು ಕಂಡಿದ್ದೆ. ಬಸ್ಸಿನ ಡ್ಯೂಟಿ ಮುಗಿಸಿ ಬಂದವರು ಬ್ಯಾಗು ಇಳಿಸುವ ಮೊದಲೇ ಫೋನು ನೋಡುತ್ತಿದ್ದರು. ಅವನೂ ಸ್ವಲ್ಪ ಹೊತ್ತು ಕಾಯಲಿ ಅಂದುಕೊಂಡೆ. ಬೈಯುವುದಾದರೆ ಬೈ.

ಓಟಕ್ಕೆ ಹೆಸರು ಕೊಟ್ಟಿದ್ದೇನೆ ಅಂತ ಅತ್ತಿಗೆ ಹೇಳಿದ ದಿನ, ನಿನಗೆ ಓಟ ಬೇಕೋ ನಾನು ಬೇಕೋ ಅಂತ ನೀನು ಕೇಳಿದೆಯಂತೆ. ಎರಡೂ ಬೇಕು ಅಂದರಂತೆ ಅತ್ತಿಗೆ. ನೀನು ಕರೆ ಕಟ್ ಮಾಡಿದೆ. ಆಮೇಲೆ ಅಮ್ಮನ ಫೋನಿಗೆ ಮಾತ್ರ ಮಾಡುತ್ತಿದ್ದೆ. ಎಲ್ಲರೂ ಹೇಗಿದ್ದಾರೆ ಅಂತ ಕೇಳುತ್ತಿದ್ದೆ. ಆ ‘ಎಲ್ಲರೂ’ ಯಾರು ಅಂತ ಅಮ್ಮನಿಗೂ ಗೊತ್ತಿತ್ತು, ಪಕ್ಕದಲ್ಲಿ ತಟ್ಟೆ ತೊಳೆಯುತ್ತಿದ್ದ ಅತ್ತಿಗೆಗೂ ಗೊತ್ತಿತ್ತು.

ನಿನ್ನ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಹೋದ ವರ್ಷ ಅವರನ್ನು ಬೆನ್ನ ಮೇಲೆ ಹೊತ್ತು ಈ ಮೂರು ಮಹಡಿ ಹತ್ತಿದವನು ನೀನು. ಕೊರಳಲ್ಲಿ ಪದಕ, ಪಾದದ ಮೂಳೆಯಲ್ಲಿ ಕೂದಲೆಳೆಯಷ್ಟು ಸೀಳು. ಅದಕ್ಕೂ ಮೊದಲು ಹಿಮ್ಮಡಿ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗೆ ಅನ್ನುತ್ತಿದ್ದರು. ಕಂಡಕ್ಟರ್ ಕೆಲಸ ನಿಂತೇ ಮಾಡುವುದು. ಪಾದ ಹೋದರೆ ಕೆಲಸ ಹೋಗುತ್ತದೆ ಅಂತ ನೀನು ಹೇಳುವುದು ಸರಿ. ಅಷ್ಟು ದೂರದಲ್ಲಿ ಹಡಗಿನ ತಗಡಿಗೆ ಬೆಸುಗೆ ಹಾಕುತ್ತಾ ಇದನ್ನೇ ಯೋಚಿಸುತ್ತಿದ್ದರೆ ಯಾರಿಗಾದರೂ ಕೋಪ ಬರುತ್ತದೆ.

ಆದರೆ ಈ ವರ್ಷ ಅತ್ತಿಗೆ ಹೇಗೆ ಓಡಿದರು ಅಂತ ನೀನು ನೋಡಿಲ್ಲ. ನಾನು ನೋಡಿದ್ದೇನೆ.

ಅವರಿಗೆ ಓಟದ ಹುಚ್ಚು ಹತ್ತಿದ ಕಥೆ ನಿನಗೆ ಗೊತ್ತು. ಡ್ರೈವರ್ ಗಡಿಬಿಡಿ ಇದ್ದಾರಲ್ಲ, ಅವರು ಒಂದು ದಿನ ಕಂಡಕ್ಟರನ್ನು ಸ್ಟಾಪಿನಲ್ಲೇ ಬಿಟ್ಟು ಬಸ್ಸು ಹೊರಡಿಸಿಬಿಟ್ಟರು. ಅತ್ತಿಗೆ ಬ್ಯಾಗನ್ನು ಎದೆಗೆ ಅವಚಿಕೊಂಡು ಮುಂದಿನ ಸ್ಟಾಪಿನವರೆಗೂ ಓಡಿ, ಬಸ್ಸು ಹತ್ತಿ, ಏನೂ ಆಗದವರ ಹಾಗೆ ಯಾರ್ರೀ ಟಿಕೆಟ್ ಅಂದರು. ಅವತ್ತಿನಿಂದ ಡಿಪೋದಲ್ಲಿ ಅವರ ಹೆಸರು ಎಕ್ಸ್‌ಪ್ರೆಸ್. ಆದರೆ ಈ ವರ್ಷ ಎಕ್ಸ್‌ಪ್ರೆಸ್ ಪ್ಯಾಸೆಂಜರ್ ಗಾಡಿಯ ಹಾಗೆ ಓಡಿದರು. ಓಡಿದ್ದಕ್ಕಿಂತ ಓಡದೇ ಇದ್ದದ್ದೇ ಹೆಚ್ಚು. ಫ್ರಿಜ್ಜಿನಲ್ಲಿ ನೀರು ಗಟ್ಟಿಯಾದ ಬಾಟಲಿಯನ್ನು ಪಾದದ ಕೆಳಗೆ ಉರುಳಿಸುತ್ತಾ ಕೂರುತ್ತಿದ್ದರು. ನೆಲದ ಮೇಲೆ ಟವೆಲು ಹಾಸಿ ಕಾಲ್ಬೆರಳಿನಿಂದ ಮುದುರಿ ಮುದುರಿ ಎಳೆಯುತ್ತಿದ್ದರು. ಕೈಯಲ್ಲಿ ಎತ್ತಿಕೊಳ್ಳಬಾರದೇನೇ ಅಂತ ಅಮ್ಮ ಕೇಳಿದರೆ, ಕೈಗೆ ಆಗಲೇ ಕೆಲಸ ಇದೆ ಅತ್ತೆ, ಬೆರಳುಗಳು ಸುಮ್ಮನೆ ಕೂತು ತಿನ್ನುತ್ತಿವೆ ಅನ್ನುತ್ತಿದ್ದರು. ಒಮ್ಮೆ ಕಾಲ್ಬೆರಳಿನಿಂದಲೇ ನನ್ನ ಸೂಜಿಡಬ್ಬಿ ಎತ್ತಿ ಕೊಟ್ಟರು.

ವ್ಯಾಯಾಮ ಹೇಳಿಕೊಡುವ ಡಾಕ್ಟರು ಅವರಿಗೆ ಒಂದು ಮಾತು ಹೇಳಿದ್ದರು. ಇಡೀ ಪಾದ ನೋಯುತ್ತಿದ್ದರೆ ಅದು ದಣಿವು, ನಿಧಾನ ಮಾಡಿ ಸಾಕು. ಇಲ್ಲೇ ಅಂತ ಒಂದೇ ಬೆರಳಿನಲ್ಲಿ ತೋರಿಸುವ ಹಾಗೆ ನೋವು ಬಂದರೆ ಅದು ಮೂಳೆ, ಆ ಕ್ಷಣವೇ ನಿಲ್ಲಬೇಕು. ಅತ್ತಿಗೆ ಮನೆಗೆ ಬಂದು ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದರು. ಗೊಣಗುವ ಪ್ರಯಾಣಿಕ ಇಳಿಯುವುದಿಲ್ಲ, ಕೊನೆಯವರೆಗೂ ಗೊಣಗುತ್ತಲೇ ಬರುತ್ತಾನೆ, ಅವನಿಗೆ ಹ್ಞೂಂ ಅಂದರೆ ಆಯಿತು. ಬೆಲ್ಲು ಹೊಡೆದವನಿಗೆ ಮಾತ್ರ ಬಸ್ಸು ನಿಲ್ಲಿಸಲೇಬೇಕು ಅಂದರು. ಹೋದ ವರ್ಷ ಬೆಲ್ಲು ಕೇಳಿಸಿತ್ತು ಕಣೇ, ಕೇಳಿಸದ ಹಾಗೆ ನಟಿಸಿದೆ, ನಿಮ್ಮಣ್ಣನ ಬೆನ್ನು ದಂಡ ತೆತ್ತಿತು ಅಂತಲೂ ಅಂದರು. ಇದನ್ನು ನಿನ್ನ ಹತ್ತಿರ ಅವರು ಯಾವತ್ತೂ ಹೇಳಿರಲಿಕ್ಕಿಲ್ಲ.

ಈಗ ಭಾನುವಾರದ್ದು.

ಎಲ್ಲರಿಗಿಂತ ಹಿಂದೆ ಒಂದು ಬಸ್ಸು ಮೆಲ್ಲಗೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಮುಟ್ಟಲಾರದವರನ್ನೂ ಕಾಲು ಕೈಕೊಟ್ಟವರನ್ನೂ ಹತ್ತಿಸಿಕೊಳ್ಳುವ ಬಸ್ಸು. ಅದನ್ನು ಕಂಡರೆ ಅತ್ತಿಗೆಗೆ ಆಗುತ್ತಿರಲಿಲ್ಲ. ದಿನಾ ಜನರನ್ನು ಬಸ್ಸು ಹತ್ತಿಸುವವಳು ನಾನು, ನನ್ನನ್ನು ಇನ್ನೊಬ್ಬರು ಹತ್ತಿಸುವುದೇ, ತೆವಳಿಕೊಂಡಾದರೂ ಮುಗಿಸುತ್ತೇನೆ ಅಂತ ಹೋದ ವರ್ಷ ಹೇಳಿದ್ದರು. ಹಾಗೆಯೇ ಮುಗಿಸಿದ್ದರು. ಈ ಸಲ ಅವರ ಆಸೆ ಇದ್ದದ್ದು ಪದಕದ ಮೇಲಲ್ಲ. ಆ ಬಸ್ಸನ್ನು ದೂರ ಬಿಟ್ಟು, ಎರಡು ಕಾಲಿನಲ್ಲಿ ನೆಟ್ಟಗೆ ಓಡಿ ಮುಗಿಸಿ, ಆಮೇಲೆ ನಡೆದುಕೊಂಡೇ ಮನೆಗೆ ಬರಬೇಕು. ಮೆಟ್ಟಿಲು ತಾವೇ ಹತ್ತಬೇಕು. ಅದನ್ನು ನಿನಗೆ ಹೇಳಬೇಕು. ಇದಿಷ್ಟೇ.

ನಾನು ಸೇತುವೆಯ ತಿರುವಿನಲ್ಲಿ ನಿಂತಿದ್ದೆ. ಮೊದಲ ಸುತ್ತಿನಲ್ಲಿ ಬಂದಾಗ ಅವರು ನನ್ನ ಕೆನ್ನೆ ಚಿವುಟಿ ಹೋದರು. ಅಣ್ಣಾ, ಓಡುವಾಗ ಅವರನ್ನು ನೀನು ಸರಿಯಾಗಿ ನೋಡಿದ್ದೀಯಾ? ಹೆಗಲು ಇಳಿಬಿಟ್ಟು, ಯಾರಿಗೂ ತಗುಲದ ಹಾಗೆ, ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಬರುತ್ತಾರಲ್ಲ, ಹಾಗೇ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಾರೆ. ಮುಖದಲ್ಲಿ ಹಟ ಇರುವುದಿಲ್ಲ. ಮನೆಯಲ್ಲಿ, ಡಿಪೋದಲ್ಲಿ ಎಲ್ಲೂ ಕಾಣದ ಒಂದು ಮುಖ ಅದು. ಅದು ಎಂಥದ್ದು ಅಂತ ಬರೆಯಲು ಪದ ಗೊತ್ತಿಲ್ಲ.

ಎರಡನೇ ಸುತ್ತಿನಲ್ಲಿ ಅವರು ರಸ್ತೆಯ ಅಂಚಿಗೆ ಬಂದರು. ನಿಂತರು. ಕಲ್ಲಿನ ಮೇಲೆ ಕುಳಿತು ಎಡಗಾಲಿನ ಬೂಟು ಬಿಚ್ಚಿದರು. ತೋರುಬೆರಳಿನಿಂದ ಪಾದದ ಮೇಲೆ ಒತ್ತಿದರು. ಒಂದೇ ಬೆರಳು, ಒಂದೇ ಜಾಗ. ಆಮೇಲೆ ನನ್ನ ಮುಖ ನೋಡಿದರು.

ಅಲ್ಲಿಂದ ಓಟ ಮುಗಿಯುವ ಕಮಾನು ಕಾಣುತ್ತಿತ್ತು. ಅದಕ್ಕೆ ಕಟ್ಟಿದ ಬಲೂನುಗಳ ಬಣ್ಣವೂ ಕಾಣುತ್ತಿತ್ತು. ಬಾವುಟ ಹಿಡಿದು ನಿಂತಿದ್ದವರೊಬ್ಬರು ಓಡಿ ಬಂದು, ಮೇಡಂ ಏಳಿ, ಇಷ್ಟು ದೂರ ಬಂದು ಇಲ್ಲಿ ಕೂರುತ್ತಾರಾ, ಇನ್ನೇನು ಬಂದೇಬಿಟ್ಟಿತು ಅಂದರು. ಜನ ಸುತ್ತ ನಿಂತು ಚಪ್ಪಾಳೆ ತಟ್ಟತೊಡಗಿದರು. ಏಳಮ್ಮ, ಏಳಕ್ಕ, ಆಗುತ್ತೆ ಆಗುತ್ತೆ ಅಂತ ಕೂಗಿದರು. ನಾನೂ ಏಳಿ ಅನ್ನಬೇಕೆಂದಿದ್ದೆ. ಬಾಯಿ ಬರಲಿಲ್ಲ. ನನ್ನ ಬಾಯಿ ಬಾರದ್ದಕ್ಕೆ ಮೊದಲನೇ ಸಲ ಸಂತೋಷಪಟ್ಟಿದ್ದೇನೆ.

ಅಷ್ಟು ಚಪ್ಪಾಳೆಯ ನಡುವೆ ಅತ್ತಿಗೆ ಬೂಟನ್ನು ಕೈಯಲ್ಲಿ ಹಿಡಿದು ಎದ್ದರು. ಜನ ಇನ್ನೂ ಜೋರಾಗಿ ತಟ್ಟಿದರು, ಓಡುತ್ತಾರೆ ಅಂದುಕೊಂಡು. ಅವರು ಹಿಂದೆ ತಿರುಗಿ, ದೂರದಲ್ಲಿ ಬರುತ್ತಿದ್ದ ಆ ಬಸ್ಸಿಗೆ ಕೈ ಅಡ್ಡ ಮಾಡಿದರು. ಚಪ್ಪಾಳೆ ಒಂದೊಂದಾಗಿ ನಿಂತಿತು. ಯಾರೋ, ಛೆ ಅಂದರು. ಅತ್ತಿಗೆ ಯಾರನ್ನೂ ನೋಡಲಿಲ್ಲ. ಓಡುವುದಕ್ಕೆ ಧೈರ್ಯ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಜನ ಓಡು ಓಡು ಅನ್ನುವಾಗ ನಿಲ್ಲುವುದಕ್ಕೆ ಎಷ್ಟು ಬೇಕು ಅಂತ ನಾನು ಅವತ್ತು ನೋಡಿದೆ.

ನಾನೂ ಅವರ ಜೊತೆ ಹತ್ತಿದೆ. ಬಸ್ಸಿನ ಒಳಗೆ ಸಾವಿನ ಮನೆಯ ಹಾಗಿತ್ತು. ಒಬ್ಬ ಹೆಂಗಸು ಮುಖದ ಮೇಲೆ ಟವೆಲು ಹಾಕಿಕೊಂಡಿದ್ದರು. ದಪ್ಪ ಮೀಸೆಯವರೊಬ್ಬರು ಬಾಗಿಲಲ್ಲೇ ನಿಂತು ಅಳುತ್ತಿದ್ದರು. ಅತ್ತಿಗೆ ಕಂಬಿ ಹಿಡಿದು ಎಲ್ಲರನ್ನೂ ಒಮ್ಮೆ ನೋಡಿದರು. ಆಮೇಲೆ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. ಬಾಗಿಲ ಹತ್ತಿರ ನಿಲ್ಲಬೇಡಿ ಸಾರ್, ಒಳಗೆ ಹೋಗಿ, ಹಿಂದೆ ಸೀಟು ಖಾಲಿ ಇದೆ, ಅಳುವವರು ಕಿಟಕಿ ಪಕ್ಕ ಕೂತುಕೊಳ್ಳಿ, ಗಾಳಿ ಬರುತ್ತದೆ ಅಂದರು. ಮೀಸೆಯವರು ಗಾಬರಿಯಾಗಿ ಒಳಗೆ ಹೋಗಿ ಕುಳಿತೇಬಿಟ್ಟರು. ಟವೆಲಿನ ಒಳಗಿಂದ, ಇದು ಎಲ್ಲಿಗೆ ಹೋಗುವ ಬಸ್ಸು ಅಂತ ಒಂದು ದನಿ ಬಂತು. ಮುಂದಿನ ವರ್ಷಕ್ಕೆ ಅಮ್ಮಾ, ಮಧ್ಯೆ ಎಲ್ಲೂ ಸ್ಟಾಪಿಲ್ಲ ಅಂದರು ಅತ್ತಿಗೆ. ಮೊದಲು ಟವೆಲು ಅಲುಗಾಡಿತು, ಆಮೇಲೆ ಇಡೀ ಬಸ್ಸು ನಕ್ಕಿತು. ಅತ್ತಿಗೆ ಪಕ್ಕದ ತಗಡಿಗೆ ಎರಡು ಸಲ ಬಡಿದು ರೈಟ್ ರೈಟ್ ಅಂದರು. ಡ್ರೈವರ್ ಕೂಡ ನಗುತ್ತಾ ಹೊರಡಿಸಿದರು.

ಬಸ್ಸು ಕಮಾನಿನ ಪಕ್ಕದಲ್ಲಿ ಹಾದುಹೋಗುವಾಗ ಅವರು ಕಿಟಕಿಯ ಕಡೆ ತಿರುಗಿಕೊಂಡರು. ಇದನ್ನು ಯಾರಿಗೂ ಹೇಳಬೇಡ ಅಂದಿದ್ದಾರೆ. ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.

ಸೋಮವಾರ ಪಾದದ ಎಕ್ಸ್‌ರೇ ಫೋಟೋ ತೆಗೆಸಿದೆವು. ಸೀಳಿಲ್ಲ. ಮೂಳೆ ಸ್ವಲ್ಪ ಊದಿಕೊಂಡಿದೆ, ಇನ್ನು ಕೆಲವು ವಾರ ಓಟ ಬೇಡ ಅಂದರು ಡಾಕ್ಟರು. ಅಷ್ಟು ದೂರವನ್ನೂ ಓಡಿದ್ದರೆ ಏನಾಗುತ್ತಿತ್ತು ಅಂತ ಅಮ್ಮ ಕೇಳಿದಳು. ಅವರು, ಹೇಳಲಿಕ್ಕಾಗುವುದಿಲ್ಲ ಅಜ್ಜಿ, ಓಡದಿದ್ದದ್ದು ಒಳ್ಳೆಯದಾಯಿತು ಅಂದರು. ಅಜ್ಜಿ ಅಂದದ್ದಕ್ಕೆ ಅಮ್ಮ ಇನ್ನೂ ಸಿಟ್ಟಾಗಿದ್ದಾಳೆ. ಇವತ್ತು ಅತ್ತಿಗೆ ಮತ್ತೆ ಡ್ಯೂಟಿಗೆ ಹೋಗಿದ್ದಾರೆ. ಮೆಟ್ಟಿಲು ತಾವೇ ಇಳಿದರು, ಕಂಬಿ ಹಿಡಿದು, ಆದರೆ ತಾವೇ.

ಭಾನುವಾರ ನಿಜ ಏನೆಂದು ಅಮ್ಮ ಹೇಳಿದ ಮೇಲೆ ನೀನು, ಸರಿ ಅಂತ ಫೋನು ಇಟ್ಟೆಯಂತೆ. ಆ ಒಂದು ‘ಸರಿ’ಯನ್ನು ಅತ್ತಿಗೆ ನಾಲ್ಕು ದಿನದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾರೆ. ಅದರಲ್ಲಿ ಏನೂ ಇಲ್ಲ ಅಂತ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ನೀನು ಹೆದರಿ ಊರಿಗೆಲ್ಲ ಫೋನು ಮಾಡಿದ್ದನ್ನು ಕೇಳಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, ಅಷ್ಟು ಹೆದರಿದರಾ ಅಂತ ಎರಡು ಸಲ ಕೇಳಿದರು.

ಅಣ್ಣಾ, ಅವರಿಗೆ ಫೋನು ಮಾಡು. ಸಂಜೆ ಡ್ಯೂಟಿ ಮುಗಿದ ಮೇಲೆ ಮಾಡು. ಕಾಲು ಹೇಗಿದೆ ಅಂತ ಕೇಳಬೇಡ. ಕಾಲನ್ನು ನಾನು, ಅಮ್ಮ, ಡಾಕ್ಟರು, ಗಡಿಬಿಡಿ, ಮಾಲೀಕರಮ್ಮ ಎಲ್ಲರೂ ಕೇಳಿ ಆಯಿತು. ಓಟ ಹೇಗಿತ್ತು ಅಂತ ಒಬ್ಬರೂ ಕೇಳಿಲ್ಲ. ನೀನು ಕೇಳು.

ಮಾಸ್ಟರ್ ಗಡಿಯಾರ ನೋಡುತ್ತಿದ್ದಾರೆ. ಇಷ್ಟು ಉದ್ದ ನಾನು ಯಾವತ್ತೂ ಮಾತಾಡಿಲ್ಲ, ಬರೆದೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕಣ್ಣು ಜೋಪಾನ, ಬೆಸುಗೆ ಹಾಕುವಾಗ ಕನ್ನಡಕ ತೆಗೆಯಬೇಡ.

ನಿನ್ನ ಪ್ರೀತಿಯ ತಂಗಿ,
ಮೌನಗೌರಿ

ಮರೆತಿದ್ದೆ: ನಿನ್ನ ಬೂಟಿನ ಅಳತೆ ಎಷ್ಟು? ನಿನ್ನೆ ಬೆಳಿಗ್ಗೆ ಅತ್ತಿಗೆ ಕೇಳಿದರು. ನೀನು ರಜೆಗೆ ಬರುವ ತಿಂಗಳಲ್ಲಿ ಒಂದು ಚಿಕ್ಕ ಓಟ ಇದೆಯಂತೆ, ನಡೆದರೂ ನಡೆಯುತ್ತದಂತೆ. ಅದಕ್ಕೆ ಅವರು ಹೆಸರು ಕೊಟ್ಟಾಗಿದೆ, ತಮ್ಮದಲ್ಲ, ನಿನ್ನದು. ಎಂಟು ಅಂತ ಅಮ್ಮ, ಒಂಬತ್ತು ಅಂತ ನಾನು. ಬೂಟಿನ ಅಂಗಡಿಯವರ ಹತ್ತಿರ ಅತ್ತಿಗೆ ಎರಡನ್ನೂ ಎತ್ತಿಡಿಸಿದ್ದಾರೆ.