ಬೆಂಚಿನ ಮೇಲಿನ ಬಿಳಿ ವಸ್ತ್ರ

ರಾಣೆಬೆನ್ನೂರು
29 ನವೆಂಬರ್ 2025, ಶನಿವಾರ

ಪ್ರೀತಿಯ ಮೈಲವ್ವಾ,

ಅಕ್ಷರ ನೋಡಿಯೇ ನಿನಗೆ ಗುರುತು ಸಿಕ್ಕಿರಬೇಕು. ಹೌದು, ನಾನೇ, ನಾಗರತ್ನಾ. ನಿನ್ನ ಬಾಯಲ್ಲಿ ನಾಗಿ. ಹೈಸ್ಕೂಲಿನ ಮೂರು ವರ್ಷವೂ ನೀನು ನನ್ನ ಸೊಟ್ಟ ಅಕ್ಷರ ನೋಡಿ ನಗುತ್ತಿದ್ದೆ, ಅವು ಈಗಲೂ ಹಾಗೇ ಇವೆ. ಈ ಕಾಗದವನ್ನು ಒಲೆಗೆ ಹಾಕಬೇಕು ಅನಿಸಿದರೆ ಹಾಕು, ಆದರೆ ಪೂರ್ತಿ ಓದಿ ಆಮೇಲೆ ಹಾಕು.

ಫೋನಿನಲ್ಲಿ ಹೇಳಬಾರದಿತ್ತೇ ಅನ್ನಬೇಡ. ಸೋಮವ್ವ ನಮ್ಮ ಹಳೇ ಟೀಮಿನ ವಾಟ್ಸಾಪ್ ಗುಂಪಿಗೆ ನಿನ್ನನ್ನು ಸೇರಿಸಿದ ದಿನ ನಾನು ಫೋನು ಹಿಡಿದುಕೊಂಡೇ ಕೂತಿದ್ದೆ. ಹನ್ನೊಂದು ನಿಮಿಷಕ್ಕೆ ನೀನು ಹೊರಗೆ ಹೋದೆ. ಅಷ್ಟರಲ್ಲಿ ನಿನ್ನ ಫೋಟೊ ದೊಡ್ಡದು ಮಾಡಿ ನೋಡಿಬಿಟ್ಟೆ. ಕುಪ್ಪೇಲೂರಿನ ಹೊಲದಲ್ಲಿ ಹತ್ತಿ ಗಿಡಗಳ ನಡುವೆ ನಿಂತಿದ್ದೀಯ. ಭುಜ ಅದೇ ಭುಜ, ಕೂದಲು ಮಾತ್ರ ಕಿವಿಯ ಹತ್ತಿರ ಬೆಳ್ಳಗಾಗಿದೆ. ನಾನು ಇಲ್ಲಿ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಎಣಿಸುವ ಕೆಲಸದಲ್ಲಿದ್ದೇನೆ. ನೀನು ಬಿತ್ತಿದ ಹತ್ತಿ ಬೀಜ ಒಮ್ಮೆಯಾದರೂ ನನ್ನ ಕೈ ದಾಟಿ ಬಂದಿರಬಹುದು ಎಂದು ಆ ದಿನ ಸುಮ್ಮನೆ ಲೆಕ್ಕ ಹಾಕಿ ಖುಷಿಪಟ್ಟೆ.

ವಿಷಯಕ್ಕೆ ಬರುತ್ತೇನೆ. ಬರುವ ಡಿಸೆಂಬರ್ ಹದಿನಾಲ್ಕು, ರವಿವಾರ, ಬ್ಯಾಡಗಿಯ ನಮ್ಮ ಸ್ಕೂಲಿನಲ್ಲಿ ಹೊಸ ಬಾಸ್ಕೆಟ್‌ಬಾಲ್ ಕೋರ್ಟು ಶುರುವಾಗುತ್ತದೆ. ಸಿಮೆಂಟಿನ ನೆಲ, ಸುತ್ತ ಜಾಳಿಗೆ, ಎರಡೂ ಕಡೆ ಗಾಜಿನ ಬೋರ್ಡು. ಅಂದೇ ನಮ್ಮ ಟೀಮಿಗೆ ಸನ್ಮಾನ. ತೊಂಬತ್ತಾರು ಮತ್ತು ತೊಂಬತ್ತೇಳು, ಎರಡು ವರ್ಷ ರಾಜ್ಯಕ್ಕೆ ಮೊದಲು ಬಂದವರು ನಾವು; ಆಮೇಲೆ ಆ ಸ್ಕೂಲಿಗೆ ಕಪ್ ಬಂದೇ ಇಲ್ಲ. ನಮ್ಮ ಪಿ.ಟಿ. ಮಾಸ್ತರು ಅಂದಾನೆಪ್ಪನವರಿಗೆ ಈಗ ಎಪ್ಪತ್ತೆಂಟು, ಕದರಮಂಡಲಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕರೆಯಲು ಹೋದ ಸೋಮವ್ವನಿಗೆ ಅವರು ಒಂದೇ ಮಾತು ಹೇಳಿದರಂತೆ: "ಮೈಲವ್ವ ಬಂದ್ರ ನಾ ಬರ್ತೇನಿ. ಆಕಿ ಇಲ್ಲದ ಟೀಮಿನ ಶಾಲು ನನಗ ಬ್ಯಾಡ. ಆಕೀನ್ನ ಕರಿಯೋ ಕೆಲಸ ನಾಗೀದು, ಆಕೀಗೇ ಹೇಳು."

ನನಗೇ ಯಾಕೆ ಎಂದು ಸೋಮವ್ವನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಅದಕ್ಕೇ ಮೂರು ವಾರ ತಡ ಮಾಡಿದೆ.

ಹೊಸ ಕೋರ್ಟಿನ ಫೋಟೊ ನೋಡಿದಾಗ ನನಗೆ ನಗು ಬಂತು. ಎರಡು ಕಡೆಯೂ ರಿಂಗು! ನಮಗೆ ಸೀಜನ್ನು ಬಂತೆಂದರೆ ಒಂದೇ ಕಡೆ ಇರುತ್ತಿತ್ತಲ್ಲ. ಪಕ್ಕದ ವ್ಯಾಪಾರಿ ಮಾಲತೇಶಪ್ಪನವರು ಸ್ಕೂಲಿಗೆ ಬೋರ್ಡು, ಚೆಂಡು ಕೊಡಿಸಿದ್ದರೆಂದು ಅರ್ಧ ಕೋರ್ಟು ಅವರ ಮೆಣಸಿನಕಾಯಿ ಒಣಗಿಸುವುದಕ್ಕೆ ಬಿಟ್ಟುಕೊಟ್ಟಿದ್ದರು. ಅತ್ತ ಕೆಂಪು ರಾಶಿ, ಇತ್ತ ನಾವು. ಚೆಂಡು ಮೆಣಸಿನಕಾಯಿಯ ಮೇಲೆ ಬಿದ್ದರೆ ತಂದವಳು ಸೋಪು ಹಚ್ಚಿ ಕೈ ತೊಳೆದೇ ಆಟಕ್ಕೆ ಬರಬೇಕು. ಗಾಳಿ ಬಿಟ್ಟರಂತೂ ಎಲ್ಲರೂ ಸೀನುವವರೇ. ಅಂಥ ದಿನ ಮಾಸ್ತರು ಫ್ರೀ ಥ್ರೋ ಗೆರೆಯ ಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಹೇಳುತ್ತಿದ್ದರು, "ಕಣ್ಣ ಮುಚ್ರಿ. ರಿಂಗ್ ಎಲ್ಲೂ ಓಡಿ ಹೋಗೂದಿಲ್ಲ, ಅಲ್ಲೇ ಐತಿ." ಕಣ್ಣು ಮುಚ್ಚಿ ನೀನು ಹತ್ತಕ್ಕೆ ಏಳು ಹಾಕುತ್ತಿದ್ದೆ. ನಾನು ಕಣ್ಣು ಬಿಟ್ಟು ಮೂರು.

ಅರ್ಧ ಕೋರ್ಟಿನಲ್ಲಿ ಕಲಿತವರು ಮೊದಲ ವರ್ಷ ರಾಜ್ಯದ ಆಟಕ್ಕೆ ಮಂಡ್ಯಕ್ಕೆ ಹೋಗಿ ಪೂರ್ತಿ ಕೋರ್ಟು ಕಂಡಾಗ ನೀನು ಏನು ಹೇಳಿದ್ದೆ ನೆನಪಿದೆಯೇ? "ಯವ್ವಾ, ಇದೇನ್ ಕೋರ್ಟೋ ಹೊಲಾನೋ? ಇಷ್ಟುದ್ದ ಯಾರು ಓಡ್ತಾರ?" ಓಡಿದವಳು ನೀನೇ. ಅಂಗಿಗಳನ್ನು ಮೆಣಸಿನಕಾಯಿ ಚೀಲದಲ್ಲಿ ತುಂಬಿ ತಂದಿದ್ದೆವು, ಬೇರೆ ಚೀಲ ಯಾರ ಮನೆಯಲ್ಲಿತ್ತು? ಬೆವರು ಬಂದಂತೆ ಮೈಯೆಲ್ಲ ಉರಿ. ಕುಣಿಯುತ್ತ ಕುಣಿಯುತ್ತ ಆಡಿ ಗೆದ್ದೆವು. ಎದುರಿನ ಟೀಮಿನ ದಪ್ಪ ಹುಡುಗಿ ನಿನ್ನನ್ನು ತಡೆಯಲು ಮೈಮೇಲೆ ಬಂದಾಗಲೆಲ್ಲ ಸೀನಿ ಸೀನಿ ಹಿಂದೆ ಸರಿಯುತ್ತಿದ್ದಳು.

ಮರುವರ್ಷ ದಾವಣಗೆರೆಯಲ್ಲಿ ಆ ಚೀಲ ಇಲ್ಲದೆ ಬರುವುದಿಲ್ಲ ಎಂದು ಸೋಮವ್ವ ಹಟ ಹಿಡಿದಳು. ಗೆದ್ದೆವು ಕೂಡ. ಹಾವೇರಿ ಆಗಷ್ಟೇ ಜಿಲ್ಲೆಯಾಗಿತ್ತು. ನಮ್ಮ ಎದೆಯ ಮೇಲೆ ಧಾರವಾಡ ಹೋಗಿ ಹಾವೇರಿ ಬಂದಿತ್ತು. ಗೆದ್ದು ಬಂದಾಗ ಹಾವೇರಿಯಲ್ಲಿ ನಿನ್ನ ಕೊರಳಿಗೆ ಏಲಕ್ಕಿ ಹಾರ ಹಾಕಿದರು. ಅಷ್ಟು ಏಲಕ್ಕಿ ಒಟ್ಟಿಗೆ ನಾವು ಯಾರೂ ಕಂಡಿರಲಿಲ್ಲ. ಬಸ್ಸಿನಲ್ಲಿ ನೀನು ಒಂದೊಂದೇ ಕಿತ್ತು ಎಲ್ಲರ ಬಾಯಿಗೂ ಹಾಕುತ್ತ ಬಂದೆ. ಬ್ಯಾಡಗಿಯಲ್ಲಿ ಇಳಿದಾಗ ನಿನ್ನ ಕೊರಳಲ್ಲಿ ಇದ್ದದ್ದು ಬರೀ ದಾರ ಮತ್ತು ಜರಿಯ ಗೊಂಡೆ. ನನ್ನ ಪಾಲಿನ ಏಲಕ್ಕಿಯನ್ನು ನಾನು ತಿನ್ನಲಿಲ್ಲ, ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ. ಈಗಲೂ ಇದೆ, ವಾಸನೆ ಮಾತ್ರ ಹೋಗಿದೆ.

ಮೂರನೆಯ ವರ್ಷದ್ದು ಬರೆಯದೆ ಬಿಡಬಹುದಿತ್ತು. ಸನ್ಮಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಮೈಸೂರಿನ ಫೈನಲ್ಲಿನಲ್ಲಿ ಒಂದು ಪಾಯಿಂಟಿಗೆ ಸೋತೆವು, ನೀನು ಹೆದರಿ ಅತ್ತೆ ಎಂದು ಊರು ಆಡಿಕೊಂಡಿತು, ಆ ಮಾತು ಯಾರು ಶುರು ಮಾಡಿದರೋ.

ಚಹಾ ಕುಡಿದು ಬಂದೆ. ಮೇಲಿನ ಸಾಲು ಹೊಡೆದು ಹಾಕೋಣ ಎಂದುಕೊಂಡೆ. ಬೇಡ, ಇರಲಿ, ನಾನು ಎಂಥವಳು ಎಂಬುದಕ್ಕೆ ಸಾಕ್ಷಿಯಾಗಿ ಇರಲಿ. ಯಾರು ಶುರು ಮಾಡಿದರೆಂದು ನನಗೆ ಚೆನ್ನಾಗಿ ಗೊತ್ತು, ನಿನಗೂ ಗೊತ್ತು.

ಮೈಲವ್ವಾ, ಆ ಟೀಮಿನಲ್ಲಿ ನಾನು ಏನಾಗಿದ್ದೆ? ಆಡುವವರು ಐದು ಮಂದಿ, ನಾನು ಬೆಂಚಿನ ಮೇಲಿನವಳು. ಎರಡು ಫೈನಲ್ಲುಗಳಲ್ಲಿ ಕೂಡಿ ನಾನು ಆಡಿದ್ದು ನಾಲ್ಕು ನಿಮಿಷ. ನನಗೆ ಇದ್ದ ಕೆಲಸ ಒಂದೇ: ವಸ್ತ್ರ ಕಾಯುವುದು. ಸಂಜೆ ಎಲ್ಲ ಹುಡುಗಿಯರೂ ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವವರು, ಯಾರ ಕೈಯನ್ನೂ ನಂಬುವಂತಿರಲಿಲ್ಲ. ಅದಕ್ಕೇ ಮಾಸ್ತರು ಇಡೀ ಟೀಮಿಗೆ ಒಂದು ಬಿಳಿ ಟವೆಲ್ಲು ಮಾಡಿದ್ದರು. "ಕಣ್ಣಿಗೆ ಕೈ ಒಯ್ದಾಕಿ ಕೋರ್ಟಿನ ಹೊರಗ. ಬೆವರು ಬಂದ್ರ ತೋಳಿಗೆ ಒರಸ್ಕೋರಿ, ಇಲ್ಲಾ ನಾಗೀ ಕಡಿಂದ ವಸ್ತ್ರಾ ಇಸ್ಕೋರಿ." ಆಟದ ಹದಿನೈದು ದಿನ ಮೊದಲಿನಿಂದ ನಾನು ಮನೆಯಲ್ಲಿ ಮೆಣಸಿನಕಾಯಿ ಮುಟ್ಟುವಂತಿರಲಿಲ್ಲ. ನಮ್ಮವ್ವ ಗೊಣಗುತ್ತಿದ್ದಳು, ನಾನು ಮಾತ್ರ ಮಹಾರಾಣಿಯ ಹಾಗೆ ಕೈ ಕಟ್ಟಿಕೊಂಡು ಓಡಾಡುತ್ತಿದ್ದೆ. ಆ ವಸ್ತ್ರ ಇದ್ದುದರಿಂದ ನಾನೂ ಟೀಮಿನಲ್ಲಿ ಇದ್ದೆ.

ಮೈಸೂರಿಗೆ ಹೊರಟಾಗ ಅವ್ವ ಅಲ್ಲಿದ್ದ ಚಿಕ್ಕಮ್ಮನಿಗೆ ಕೊಡು ಎಂದು ಒಂದು ಪೊಟ್ಟಣ ಖಾರದ ಪುಡಿ ಕೊಟ್ಟಳು. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ವಸ್ತ್ರ ಇದ್ದ ಚೀಲದಲ್ಲೇ ತುರುಕಿದೆ. ಫೈನಲ್ಲಿನ ಬೆಳಿಗ್ಗೆ ಚೀಲ ಬಿಚ್ಚಿದರೆ ಪೊಟ್ಟಣ ಹರಿದಿತ್ತು. ಹೊರಗೆ ಒಯ್ದು ಝಾಡಿಸಿದೆ, ನೀರಲ್ಲಿ ಹಿಂಡಿದೆ. ಬ್ಯಾಡಗಿ ಕಾಯಿಯ ಬಣ್ಣ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಒಂದು ಮೂಲೆಯಲ್ಲಿ ಅಂಗೈಯಗಲ ಕೆಂಪು ಉಳಿಯಿತು. ಮಾಸ್ತರಿಗೆ ಹೇಳಿದ್ದರೆ ಎದುರಿನ ಅಂಗಡಿಯಲ್ಲಿ ಹೊಸದು ಸಿಗುತ್ತಿತ್ತು. ಆದರೆ ಇದ್ದ ಒಂದು ಕೆಲಸವೂ ಬೇರೆಯವಳಿಗೆ ಹೋಗುತ್ತದೆ ಎಂದು ಹೆದರಿದೆ. ಕೆಂಪು ಒಳಗೆ ಬರುವಂತೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನೋಡಿದವರಿಗೆ ಹಾಲಿನ ಹಾಗೆ ಬಿಳಿ.

ಕೊನೆಯ ಗಳಿಗೆ. ಅವರದು ಮೂವತ್ತೆರಡು, ನಮ್ಮದು ಮೂವತ್ತೊಂದು, ನಾಲ್ಕು ಸೆಕೆಂಡು ಬಾಕಿ, ನಿನಗೆ ಎರಡು ಫ್ರೀ ಥ್ರೋ. ಟೈಮ್ ಔಟಿನಲ್ಲಿ ನೀನು ಓಡಿ ಬಂದು ಕೈ ಚಾಚಿದೆ. "ನಾಗೀ, ವಸ್ತ್ರಾ." ಕೊಟ್ಟೆ. ನೀನು ಅದನ್ನು ಪೂರ್ತಿ ಬಿಡಿಸಿ ಮುಖಕ್ಕೆ ಒತ್ತಿಕೊಂಡೆ. ನಾನು ಕಿರುಚಬೇಕಿತ್ತು, ಬೆಂಚಿನ ಅಂಚು ಹಿಡಿದು ಕೂತೇ ಇದ್ದೆ. ನಿನ್ನ ಮುಖ ಹಿಂಡಿದ ಹಾಗಾಯಿತು, ನೀನು ವಸ್ತ್ರವನ್ನು ನನ್ನ ಕೈಗೆ ಕೊಡದೆ ಚಡ್ಡಿಯ ಸೊಂಟಕ್ಕೆ ಸಿಕ್ಕಿಸಿಕೊಂಡು ಗೆರೆಗೆ ಹೋದೆ. ಮಾಸ್ತರು "ನೀರು ಬೇಕೇನವ್ವಾ?" ಎಂದು ಕೂಗಿದರು, ನೀನು ಬೇಡವೆಂದು ತಲೆ ಅಲ್ಲಾಡಿಸಿದೆ. ಎರಡೂ ಸಲ ನೀನು ಕಣ್ಣು ಮುಚ್ಚಿ ಎಸೆದೆ. ಮೊದಲನೆಯದು ಬೋರ್ಡಿಗೆ ಬಡಿಯಿತು. ಎರಡನೆಯದು ರಿಂಗಿನ ಮೇಲೆ ಸುತ್ತು ಹೊಡೆದು ಹೊರಗೆ ಬಿತ್ತು. ಆ ಸುತ್ತು ನನ್ನ ಕಣ್ಣ ಮುಂದೆ ಇನ್ನೂ ತಿರುಗುತ್ತಿದೆ.

ಅಂದು ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸುವವರು ಬಂದು ಕೂತಿದ್ದರು. ನಿನ್ನ ಹೆಸರು ಅವರ ಪಟ್ಟಿಯಲ್ಲಿ ಇತ್ತು. ಸುರಿಯುವ ಕಣ್ಣು ನೋಡಿ, ಹುಡುಗಿಗೆ ಗಟ್ಟಿ ಮನಸ್ಸಿಲ್ಲ ಎಂದು ಹೊಡೆದು ಹಾಕಿದರಂತೆ.

ಮೂರನೇ ದಿನ ಬೆಳಿಗ್ಗೆ ಬ್ಯಾಡಗಿ ಸ್ಟೇಷನ್ನಿನಲ್ಲಿ ಮಾಲತೇಶಪ್ಪನವರು ಒಣ ಮೆಣಸಿನಕಾಯಿಯ ಹಾರ ಹಿಡಿದು ನಿಂತಿದ್ದರು. ಸೋತ ಸುದ್ದಿ ಅವರಿಗೆ ತಲುಪಿರಲಿಲ್ಲ. ಮೊದಲು ಇಳಿದವಳು ನಾನು. "ಏನಾತವ್ವಾ?" ಎಂದರು. ನಾನು ಹೇಳಿದೆ: "ಸೋತ್ವಿರಿ. ಮೈಲವ್ವ ಹೆದರಿ ಅತ್ಲರಿ." ಹಿಂದೆ ತಿರುಗಿದರೆ ನೀನು ಟ್ರಂಕು ಹಿಡಿದು ರೈಲಿನ ಬಾಗಿಲಲ್ಲೇ ನಿಂತಿದ್ದೆ.

ಆಮೇಲೆ ಮಾರ್ಚ್ ಪರೀಕ್ಷೆಯವರೆಗೂ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತೆವು. ನೀನು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಜಗಳವಾದರೂ ಆಡಿದ್ದರೆ ನಾನು ಎಲ್ಲ ಹೇಳಿಬಿಡುತ್ತಿದ್ದೆ ಎಂದು ಇಷ್ಟು ವರ್ಷ ನನ್ನನ್ನೇ ನಂಬಿಸಿಕೊಂಡು ಬಂದಿದ್ದೇನೆ. ಅದೂ ಸುಳ್ಳೇ ಇರಬೇಕು. ಜಗಳ ಆಡಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ. ನನಗೆ ನಾಚಿಕೆಯಾಗುತ್ತದೆ ಮೈಲವ್ವಾ, ಇಪ್ಪತ್ತೇಳು ವರ್ಷದಿಂದ ಆಗುತ್ತಿದೆ. ಸೋಮವ್ವ ಪ್ರತಿ ಸಲ "ಪಾಪ, ಆಕೀಗೆ ಧೈರ್ಯಾನಽ ಕಡಿಮಿ" ಅಂದಾಗಲೂ ಆಗುತ್ತದೆ, ಆದರೂ ಹೌದು ಹೌದು ಎಂದು ತಲೆ ಆಡಿಸುತ್ತೇನೆ.

ವೇದಿಕೆಯ ಮೇಲೆ ನನಗೂ ಎರಡು ನಿಮಿಷ ಮಾತಾಡಲು ಕೊಟ್ಟಿದ್ದಾರೆ. ನೀನು ಬಂದರೂ ಸರಿ, ಬಾರದಿದ್ದರೂ ಸರಿ, ಇಷ್ಟನ್ನೂ ಅಲ್ಲಿ ಹೇಳುತ್ತೇನೆ. ನಾಳೆ ಕದರಮಂಡಲಗಿಗೆ ಹೋಗಿ ಮಾಸ್ತರಿಗೂ ಹೇಳುತ್ತೇನೆ. ಆದರೆ ಮೊದಲು ನಿನಗೆ ಗೊತ್ತಾಗಬೇಕಿತ್ತು, ಅದಕ್ಕೇ ಈ ಕಾಗದ. ಅಂದು ನಿನ್ನ ಧೈರ್ಯ ಎಲ್ಲೂ ಹೋಗಿರಲಿಲ್ಲ. ಕಣ್ಣಲ್ಲಿ ಖಾರ ಬಿದ್ದಿತ್ತು, ಹಾಕಿದವಳು ನಾನು.

ಕ್ಷಮಿಸು ಎಂದು ಬರೆಯಲು ಮುಖವಿಲ್ಲ. ಬಾ ಎಂದಷ್ಟೇ ಬರೆಯುತ್ತೇನೆ. ನನಗಾಗಿ ಬೇಡ, ಮಾಸ್ತರಿಗಾಗಿ ಬಾ.

ನಿನ್ನ, ಇನ್ನೂ ಹಾಗೆ ಬರೆಯಬಹುದಾದರೆ,
ನಾಗಿ

ತಾ.ಕ. (30 ನವೆಂಬರ್, ರವಿವಾರ ಮಧ್ಯಾಹ್ನ)

ಕದರಮಂಡಲಗಿಯಿಂದ ಈಗಷ್ಟೇ ಬಂದೆ. ಮಾಸ್ತರ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೆರಗೂ ಆಗಲಿಲ್ಲ. ಮಗಳನ್ನು ಕರೆದು ಟ್ರಂಕು ತೆಗೆಸಿದರು. ಹಳೇ ಸೀಟಿ, ಎರಡು ವರ್ಷದ ಫೋಟೊ, ಅವುಗಳ ಕೆಳಗೆ ನಮ್ಮ ವಸ್ತ್ರ. ಮೂಲೆಯ ಕೆಂಪು ಈಗ ಕಂದು ಬಣ್ಣವಾಗಿದೆ.

"ಮ್ಯಾಚ್ ಆದ ಮರುದಿನ ಮುಂಜಾನೆ ಮೈಲವ್ವ ಇದನ್ನ ತೊಳದು ತಂದು ಕೊಟ್ಟಿದ್ಲು" ಎಂದರು ಮಾಸ್ತರು. "'ಸರ, ವಸ್ತ್ರಾ ನನ್ನ ಕೈಯಾಗಿಂದ ಬಿದ್ದು ಹೊಲಸಾತ್ರಿ, ನಾಗೀಗೆ ಏನೂ ಅನಬ್ಯಾಡ್ರಿ' ಅಂದ್ಲು. ಆಕೀ ಕಣ್ಣು ಇನ್ನೂ ಬಾತಿದ್ವು. ಬ್ಯಾಡಗಿಯಾಗ ಹುಟ್ಟಿದ ನನಗ ಖಾರದ ಕಲಿ ಗೊತ್ತಾಗೂದಿಲ್ಲೇನು? ಆಕೀ ಮುಚ್ಚಿದ್ಲು, ನಾನೂ ಸುಮ್ಮನಾದೆ. ನೀ ಒಂದ್ ದಿನಾ ಬಂದು ಹೇಳ್ತೀ ಅಂತ ಕಾಯ್ಕೋತ ಕುಂತೆ."

ಅಂದರೆ ಬ್ಯಾಡಗಿ ಸ್ಟೇಷನ್ನಿನಲ್ಲಿ ನಾನು ಆ ಮಾತು ಆಡುವ ಮೊದಲೇ ನೀನು ನನ್ನನ್ನು ಕಾಪಾಡಿ ಮುಗಿಸಿದ್ದೆ. ನೀರು ಬೇಡ ಎಂದು ತಲೆ ಅಲ್ಲಾಡಿಸಿದ್ದೂ, ವಸ್ತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದೂ ಯಾಕೆಂದು ನನಗೆ ಇವತ್ತು ತಿಳಿಯಿತು. ನಿನಗೆ ಗೊತ್ತಿರದ ಸಂಗತಿ ಹೇಳುತ್ತಿದ್ದೇನೆ ಎಂದುಕೊಂಡು ಇಷ್ಟು ಪುಟ ಬರೆದೆನಲ್ಲ!

ಮಾಸ್ತರು ವಸ್ತ್ರವನ್ನು ನನ್ನ ಕೈಗೆ ಕೊಟ್ಟು, "ಇದು ನೀ ಕಾಯೋ ಸಾಮಾನು, ನೀನಽ ಒಯ್ದು ಕೊಡು" ಎಂದರು. ಹಾಗಾಗಿ ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ರಜೆ ಹಾಕಿ ಕುಪ್ಪೇಲೂರಿನ ಬಸ್ಸು ಹತ್ತಿ ಎರಡನ್ನೂ ನಾನೇ ತರುತ್ತೇನೆ. ನೀನು ಇದನ್ನು ಓದುತ್ತಿರುವಾಗ ನಾನು ನಿಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಇರುತ್ತೇನೆ. ಅವಸರ ಮಾಡಬೇಡ, ಬೇಕಾದರೆ ಎರಡು ಸಲ ಓದು. ನೀನು ಕರೆಯುವವರೆಗೆ ಕೂತು ಕಾಯುವುದು ನನಗೆ ಮೊದಲಿನಿಂದಲೂ ರೂಢಿ.